ಬೆಳೆಹಬ್ಬದ ಸಾಕ್ಷಿ

"ಫ್ರಿಜ್ಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಹಿಂದೆ ಉಂಟು ನೋಡಿ" ಎಂದು ಅಶ್ಮಿತಾ ಅಡುಗೆಮನೆಯಿಂದಲೇ ಕೂಗಿ ಹೇಳಿದಳು. ಭಾನುವಾರವೂ ಡ್ಯೂಟಿ ಇರುವ ಗಂಡಸಿನ ರೈಲ್ವೆ ಪಾಸ್ ಕಾಣೆಯಾದರೆ ಮನೆಯವರೆಲ್ಲ ಅಪರಾಧಿಗಳೇ. ಅವಳ ಗಂಡ ರಂಜನ್ ಸೋಫಾದ ದಿಂಬುಗಳನ್ನೆಲ್ಲ ಕಿತ್ತೆಸೆದು, ತಾನು ಹೋಗದಿದ್ದರೆ ಡೊಂಬಿವಲಿಯ ಹೋಟೆಲಿನಲ್ಲಿ ಇಡ್ಲಿಯೇ ಬೇಯುವುದಿಲ್ಲ ಎನ್ನುವಂತೆ ಗೊಣಗುತ್ತಿದ್ದ. ಹಾಲ್‌ನಲ್ಲಿ ಸ್ಟೂಲ್ ಎಳೆದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಇಣುಕಿ ನೋಡಿದರೆ ಪ್ರಾಜಕ್ತಾ ಸ್ಟೂಲ್ ಹತ್ತಿ, ಭರಣಿಯನ್ನು ಎರಡೂ ಕೈಯಿಂದ ಸರಿಸಿ, ಪಾಸ್ ತೆಗೆದು ರಂಜನ್‌ಗೆ ಕೊಡುತ್ತಿದ್ದಳು. "ಥ್ಯಾಂಕ್ಯೂ ಬಾಳಾ" ಎಂದು ಮಗುವಿಗೆ ಮರಾಠಿಯಲ್ಲಿ ಹೇಳಿ, ಅದನ್ನು ಜೇಬಿಗಿಳಿಸಿ ಬೂಟಿಗೆ ಕಾಲು ತೂರಿಸಿದವನು ಹಾಗೆಯೇ ನಿಂತ. ಅಶ್ಮಿತಾಳೂ ನಿಂತಿದ್ದಳು. ತಾನು ಹೇಳಿದ್ದು ಕನ್ನಡದಲ್ಲಿ. ಈ ಮಗುವಿಗೆ ಬರುವುದು ಮರಾಠಿ ಮಾತ್ರ ಎಂದಲ್ಲವೇ ಇಷ್ಟು ದಿನ ತಿಳಿದದ್ದು? ಏಳು ವರ್ಷದ ಹುಡುಗಿಗೂ ಅದೇ ಗಳಿಗೆಯಲ್ಲಿ ತನ್ನ ತಪ್ಪು ಹೊಳೆದಿರಬೇಕು. ಸ್ಟೂಲನ್ನು ಇದ್ದ ಜಾಗಕ್ಕೆ ಎಳೆದಿಟ್ಟು, ಅದರ ಮೇಲೆ ಮೂಡಿದ್ದ ತನ್ನ ಕಾಲಿನ ಗುರುತನ್ನು ಫ್ರಾಕಿನ ತುದಿಯಿಂದ ಒರೆಸಿ, ಯಾರನ್ನೂ ನೋಡದೆ ಒಳಗೆ ಹೋದಳು.

"ಮಕ್ಕಳು ಬೇಗ ಕಲೀತಾವೆ ಮಾರಾಯ್ತಿ, ಒಳ್ಳೇದೇ ಆಯ್ತಲ್ಲ" ಎಂದು ಹೇಳಿ ರಂಜನ್ ಹೊರಟುಹೋದ. ಅವನಿಗೇನು, ಅವನು ಆ ಬುಧವಾರ ಸಾನಪಾಡಾಕ್ಕೆ ಬಂದಿರಲಿಲ್ಲ. ಅಶ್ಮಿತಾ ಹಿಟ್ಟಿಗೆ ಮತ್ತೆ ಕೈ ಹಾಕಿದಳು, ತೆಗೆದಳು, ನಲ್ಲಿ ಬಿಟ್ಟು ತೊಳೆದುಕೊಂಡಳು. ಈ ಮನೆಯಲ್ಲಿ ಕನ್ನಡವೆಂದರೆ ಬೀಗ ಹಾಕಿದ ಕಪಾಟಾಗಿತ್ತು. ಮಗುವಿಗೆ ಕೇಳಬಾರದ್ದನ್ನೆಲ್ಲ ಅವರಿಬ್ಬರೂ ಅದರೊಳಗಿಟ್ಟು ಮಾತಾಡುತ್ತಿದ್ದರು, ಅದೂ ಪಿಸುಮಾತಿನಲ್ಲಲ್ಲ, ಅವಳ ತಟ್ಟೆಗೆ ಅನ್ನ ಬಡಿಸುತ್ತಲೇ. ಇವತ್ತೂ ಹಾಸಿಗೆ ಒದ್ದೆ ಮಾಡಿದ್ದಾಳೆ. ರೊಟ್ಟಿ ಕದ್ದು ದಿಂಬಿನಡಿ ಇಟ್ಟುಕೊಳ್ಳುತ್ತಾಳೆ, ಇರುವೆ ಬರುತ್ತದೆ. ಹಾಗೆ ದಿಟ್ಟಿಸಿ ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಮೊದಲು ಕರೆದುಕೊಂಡು ಹೋದವರು ಇವಳನ್ನು ಸುಮ್ಮನೆ ವಾಪಸು ಬಿಟ್ಟಿರಲಿಕ್ಕಿಲ್ಲ. ಈ ಕೊನೆಯ ಮಾತು ಹೇಳಿದ್ದು ರಂಜನ್; ಹೂಂ ಎಂದದ್ದು ತಾನು. ಪ್ರಾಜಕ್ತಾಳನ್ನು ಇವರಿಗಿಂತ ಮೊದಲು ಒಂದು ಕುಟುಂಬ ಶಿಶುಗೃಹದಿಂದ ಕರೆದುಕೊಂಡು ಹೋಗಿ, ಒಂದು ಹಬ್ಬ ಕಳೆಯುವುದರೊಳಗೆ ಮರಳಿ ತಂದುಬಿಟ್ಟಿತ್ತು. ಹೊಂದಾಣಿಕೆಯಾಗಲಿಲ್ಲ ಎಂದು ಅಲ್ಲಿನ ಮೇಡಂ ಹೇಳಿದ್ದರು, ಅಂಗಡಿಗೆ ಹಿಂದಿರುಗಿದ ಬಟ್ಟೆಯ ಅಳತೆಯ ವಿಷಯ ಹೇಳುವ ಹಾಗೆ.

ಆ ಬುಧವಾರದ ಪ್ರಾರ್ಥನಾ ಕೂಟ ಸಾನಪಾಡಾದ ಜಯಶೀಲಾ ಆಂಟಿಯ ಮನೆಯಲ್ಲಿತ್ತು. ಠಾಣೆ, ಕಲ್ಯಾಣ್, ವಾಶಿಯ ಕಡೆ ಚದುರಿಹೋದ ಕನ್ನಡ ಕ್ರೈಸ್ತ ಕುಟುಂಬಗಳು ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ರೂಢಿ. ಉಡುಪಿಯ ಕಡೆಯಿಂದ ಬಂದವರೇ ಹೆಚ್ಚು. ಎರಡು ಕೀರ್ತನೆ, ಒಂದು ವಾಕ್ಯ, ಆಮೇಲೆ ಪ್ರಾರ್ಥನಾ ವಿನಂತಿಗಳು, ಕೊನೆಗೆ ಚಹಾ ಮತ್ತು ಚಟ್ಟಂಬಡೆ. ವಿನಂತಿಯ ಹೊತ್ತಿಗೆ ಪ್ರತಿಯೊಬ್ಬರೂ ತಮಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳಬೇಕು: ಮೊಣಕಾಲು ನೋವು, ಮಗನ ಪ್ರಮೋಷನ್, ಸೊಸೈಟಿಯವರ ಜೊತೆಗಿನ ಪಾರ್ಕಿಂಗ್ ತಕರಾರು. ದೇವರಿಗೆ ಗೊತ್ತಿದ್ದರೂ ಆಂಟಿಗೂ ಗೊತ್ತಾಗಬೇಕಲ್ಲ. ಸರದಿ ತನ್ನ ಹತ್ತಿರ ಬಂದಾಗ ಅಶ್ಮಿತಾ ಎಂದಿನಂತೆ ಆರೋಗ್ಯ, ಸಮಾಧಾನ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವತ್ತು ಬೆಳಿಗ್ಗೆ ಹಾಸಿಗೆಯ ಬಟ್ಟೆ ಒಗೆದು ಬೆನ್ನು ಹಿಡಿದಿತ್ತು, ಆಫೀಸಿಗೆ ತಡವಾಗಿ ಹೋಗಿ ಎಲ್ಲರೆದುರು ಬೈಸಿಕೊಂಡಿದ್ದಳು. ಅವಳು ಹೇಳಿಬಿಟ್ಟಳು. "ಮಗುವನ್ನು ತಂದು ಇಷ್ಟು ತಿಂಗಳಾಯ್ತು. ಊಟ ಕೊಡ್ತೇನೆ, ಸ್ನಾನ ಮಾಡಿಸ್ತೇನೆ, ಎಲ್ಲ ಮಾಡ್ತೇನೆ. ಆದ್ರೆ ಪ್ರೀತಿ ಬರುದಿಲ್ಲ ನಂಗೆ. ಯಾರದ್ದೋ ಮಗು ಅಂತಲೇ ಅನ್ನಿಸ್ತದೆ. ದೇವರು ನಂಗೆ ಇವಳ ಮೇಲೆ ಪ್ರೀತಿ ಕೊಡಲಿ ಅಂತ ಎಲ್ಲರೂ ಪ್ರಾರ್ಥನೆ ಮಾಡಿ." ಹೇಳಿದ ಮೇಲೆ ಎಷ್ಟು ಹಗುರಾಯಿತೆಂದರೆ, ಹೆಂಗಸರೆಲ್ಲ ಕಣ್ಣೊರೆಸಿಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಅವಳೂ ಮನಸ್ಸು ಬಿಚ್ಚಿ ಅತ್ತಳು. ಪ್ರಾಜಕ್ತಾ ಆಗ ಎಲ್ಲಿದ್ದಳು? ಅಲ್ಲೇ ಇದ್ದಳು. ತನ್ನ ಮೊಣಕಾಲಿಗೆ ತಾಗಿಕೊಂಡೇ ಚಾಪೆಯ ಮೇಲೆ ಕೂತು, ಚಟ್ಟಂಬಡೆಯನ್ನು ಚೂರು ಚೂರಾಗಿ ಮುರಿಯುತ್ತಿದ್ದಳು.

ಮರುದಿನದಿಂದ ಮಗು ಬದಲಾದಳು. ಅಶ್ಮಿತಾಳಿಗೆ ಈಗ ಇಡೀ ಮೈ ಬಿಸಿಯಾಗುವುದು ಇದನ್ನು ನೆನೆದೇ. ಎಬ್ಬಿಸುವ ಮೊದಲೇ ಎದ್ದು ಚಾದರ ಮಡಿಸಿಡುತ್ತಿದ್ದಳು. ಹಾಸಿಗೆ ಒದ್ದೆಯಾಗುವುದು ನಿಂತಿತು; ರಾತ್ರಿ ನೀರು ಕುಡಿಯುವುದನ್ನೇ ಅವಳು ಬಿಟ್ಟಿದ್ದಳೆಂಬುದು ಈಗ, ಈ ಗಳಿಗೆಯಲ್ಲಿ ಹೊಳೆಯುತ್ತಿದೆ. ಹಾಗಲಕಾಯಿ ಪಲ್ಯವನ್ನೂ ಮುಖ ಕಿವುಚದೆ ನುಂಗುತ್ತಿದ್ದಳು. ಏನೂ ಬೇಡುತ್ತಿರಲಿಲ್ಲ, ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ಅಶ್ಮಿತಾ ಆಫೀಸಿನಿಂದ ಬಂದು ಕೂತರೆ ಕೇಳದೆಯೇ ನೀರು ತಂದು ಕೊಟ್ಟು, ಕುಡಿದು ಮುಗಿಸುವವರೆಗೆ ಎದುರಲ್ಲಿ ನಿಂತಿರುತ್ತಿದ್ದಳು. ಪ್ರಾರ್ಥನೆ ಇಷ್ಟು ಬೇಗ ಫಲಿಸೀತೆಂದು ಯಾರು ಎಣಿಸಿದ್ದರು? ಅಶ್ಮಿತಾ ಜಯಶೀಲಾ ಆಂಟಿಗೆ ಫೋನ್ ಮಾಡಿ ಹೇಳಿದಳು, ಆಂಟಿ ಉಳಿದವರಿಗೆಲ್ಲ ಹೇಳಿದರು, ಸುದ್ದಿ ಪಾಸ್ಟರ್ ಕಿವಿಗೂ ಬಿದ್ದು, ಈ ಸಲದ ಬೆಳೆಹಬ್ಬದಲ್ಲಿ ಅಶ್ಮಿತಾ ಸಭೆಯೆದುರು ನಿಂತು ಇದನ್ನು ಹೇಳಿ ಸಾಕ್ಷಿ ಕೊಡಬೇಕೆಂದು ಗೊತ್ತಾಯಿತು. ಆ ಬೆಳೆಹಬ್ಬ ಇವತ್ತು. ಏನು ಹೇಳಬೇಕೆಂದು ಅವಳು ಸ್ನಾನ ಮಾಡುವಾಗ, ಲೋಕಲ್‌ನಲ್ಲಿ ನಿಂತಿರುವಾಗ ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ರೂಢಿ ಮಾಡಿಕೊಂಡಿದ್ದಳು. ಕರ್ತನು ಈ ಮಗುವಿನ ಹೃದಯವನ್ನು ಬದಲಾಯಿಸಿದನು. ಹಾಗೆಂದರೆ ಪ್ರೀತಿ ಬಂತೇ? ನಿಜ ಹೇಳಬೇಕೆಂದರೆ ಬಂದಿರಲಿಲ್ಲ; ಬಂದದ್ದು ಆರಾಮ ಮಾತ್ರ. ತೊಂದರೆ ಕೊಡದ ಬಾಡಿಗೆದಾರರ ಬಗ್ಗೆ ಮನೆಯೊಡೆಯರಿಗೆ ಇರುವಂಥದ್ದು. ಅದನ್ನೇ ಅವಳು ಪ್ರೀತಿಯ ಮೊದಲ ಕಂತೆಂದು ನಂಬಲು ಹೊರಟಿದ್ದಳು.

ಮಧ್ಯಾಹ್ನ ಚರ್ಚಿಗೆ ಹೋಗಲು ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಲೋಕಲ್‌ನಲ್ಲಿ ಇಬ್ಬರೂ ಕೂತರು. ಅಶ್ಮಿತಾಳ ತೊಡೆಯ ಮೇಲೆ ಕಾಣಿಕೆಯ ಚೀಲ: ಒಂದು ಬೂದುಕುಂಬಳ, ನಾಲ್ಕು ತೆಂಗಿನಕಾಯಿ, ಮಾಡಿ ತಂದ ಚಕ್ಕುಲಿ. ಪೈರು ಬೆಳೆಯದ ಊರಿನಲ್ಲಿ ಬೆಳೆಹಬ್ಬವೆಂದರೆ ಮಾರ್ಕೆಟ್ಟಿನಿಂದ ತಂದದ್ದನ್ನೇ ದೇವರಿಗೆ ಒಪ್ಪಿಸುವುದು, ಆಮೇಲೆ ಅದನ್ನೇ ಏಲಂ ಕೂಗಿ ಒಬ್ಬರದ್ದನ್ನೊಬ್ಬರು ಕೊಂಡು ಮನೆಗೆ ಒಯ್ಯುವುದು. ಪ್ರಾಜಕ್ತಾ ಚೀಲದ ಒಂದು ಕಿವಿಯನ್ನು ಹಿಡಿದುಕೊಂಡಿದ್ದಳು, ಭಾರದಲ್ಲಿ ತನ್ನ ಪಾಲೂ ಇರಲಿ ಎನ್ನುವಂತೆ. ಬಿಡು, ನಾನು ಹಿಡಿದಿದ್ದೇನೆ ಎಂದು ಅಶ್ಮಿತಾ ಮರಾಠಿಯಲ್ಲಿ ಹೇಳಿದರೂ ಬಿಡಲಿಲ್ಲ. ಕೇಳಬೇಕು, ಈಗಲೇ ಕೇಳಬೇಕು, ಅವತ್ತು ನಿನಗೆ ಎಲ್ಲ ಅರ್ಥವಾಯಿತಾ ಎಂದು. ಆದರೆ ಯಾವ ಭಾಷೆಯಲ್ಲಿ? ಮರಾಠಿಯಲ್ಲಿ ಅವಳ ದನಿ ಯಾವತ್ತೂ ತನ್ನದಲ್ಲ. ಆಫೀಸಿನ ಕೌಂಟರಿನಲ್ಲಿ ಗಿರಾಕಿಗಳೊಂದಿಗೆ ಮಾತಾಡುವ ದನಿ ಅದು, ಸಭ್ಯ, ನುಣುಪು. ದನಿ ಏರಿಸಬೇಡಿ, ಈ ಮಕ್ಕಳು ಬೇಗ ಹೆದರುತ್ತಾರೆ ಎಂದು ಶಿಶುಗೃಹದ ಮೇಡಂ ಹೇಳಿಕೊಟ್ಟದ್ದನ್ನು ಅಶ್ಮಿತಾ ಚಾಚೂ ತಪ್ಪದೆ ಪಾಲಿಸಿದ್ದಳು. ಇವತ್ತಿನವರೆಗೆ ಒಂದು ಸಲವೂ ಬೈದಿಲ್ಲ. ನೆಂಟರ ಮಕ್ಕಳನ್ನು ಯಾರಾದರೂ ಬೈಯುತ್ತಾರೆಯೇ?

ಘನ್ಸೋಲಿ ದಾಟುವಾಗ, ಯಾಕೋ, ಸಂಡೇ ಸ್ಕೂಲಿನ ಚಾಕಲೇಟ್ ನೆನಪಾಯಿತು. ಮದುವೆಗೆ ಮೊದಲಿನಿಂದಲೂ ಅವಳು ಸಂಡೇ ಸ್ಕೂಲ್ ಟೀಚರ್. ಕೃಪೆಯ ಪಾಠ ಮಾಡುವ ದಿನ ಬಾಗಿಲಲ್ಲೇ ನಿಂತು ಒಬ್ಬೊಬ್ಬ ಮಗುವಿಗೂ ಒಂದೊಂದು ಚಾಕಲೇಟ್ ಕೊಡುವುದು ಅವಳ ಪದ್ಧತಿ. ತಿಂದು ಮುಗಿದ ಮೇಲೆ ಕೇಳುವುದು: ಇದು ನಿಮಗೆ ಸಿಗಬೇಕಾದರೆ ನೀವು ಏನು ಮಾಡಿದಿರಿ? ಏನೂ ಇಲ್ಲ ಟೀಚರ್. ಹೌದು, ಹಾಗೆಯೇ ದೇವರ ಪ್ರೀತಿ. ಒಳ್ಳೆಯವರಾಗಿ ಸಂಪಾದಿಸುವಂಥದ್ದಲ್ಲ, ಮೊದಲೇ ಕೊಟ್ಟಾಗಿರುವಂಥದ್ದು. ಎಷ್ಟು ವರ್ಷ, ಎಷ್ಟು ಮಕ್ಕಳಿಗೆ ಇದನ್ನು ಹೇಳಿಕೊಟ್ಟಿದ್ದಾಳೆ, ಈ ಪಾಠ ಅಶ್ಮಿತಾ ಟೀಚರ್ ಹಾಗೆ ಯಾರೂ ಮಾಡುವುದಿಲ್ಲವೆಂದು ತಾಯಂದಿರು ಹೊಗಳಿದ್ದಾರೆ. ಕಳೆದ ವಾರ ಅದೇ ಪಾಠವಿತ್ತು. ಪ್ರಾಜಕ್ತಾ ಮಾತ್ರ ಚಾಕಲೇಟನ್ನು ತಿನ್ನದೆ ಮುಷ್ಟಿಯಲ್ಲಿ ಹಿಡಿದುಕೊಂಡು, ಕ್ಲಾಸು ಮುಗಿದ ಮೇಲೆ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಕಸ ಹೆಕ್ಕಿ, ಆಮೇಲೆ ಮೂಲೆಯಲ್ಲಿ ನಿಂತು ಕರಗಿದ ಚಾಕಲೇಟನ್ನು ಕಾಗದದಿಂದ ನೆಕ್ಕಿದ್ದಳು. ಎಂಥ ಜವಾಬ್ದಾರಿ ಇವಳಿಗೆ ಎಂದು ಅಶ್ಮಿತಾ ಎಲ್ಲರೆದುರು ಹೆಮ್ಮೆಪಟ್ಟಿದ್ದಳು. ಅವಳಿಗೆ ಈಗ ಚಲಿಸುವ ಗಾಡಿಯಲ್ಲಿ ಎದ್ದು ನಿಲ್ಲಬೇಕೆನಿಸಿತು. ಕರ್ತನೇ, ನಿನ್ನ ಪಾಠ ಹೇಳಿಕೊಟ್ಟು ಹೇಳಿಕೊಟ್ಟು ನನ್ನ ಬಾಯಿ ಸವೆಯಿತು, ಈ ಮಗು ನನ್ನ ಮನೆಯಲ್ಲಿ ಪ್ರತಿ ತುತ್ತನ್ನೂ ದುಡಿದು ತಿನ್ನುತ್ತಿದೆ.

ಚರ್ಚು ಮರಾಠಿ ಸಭೆಯವರದು. ಬೆಳಿಗ್ಗೆ ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಕನ್ನಡದವರಿಗೆ ಬಿಟ್ಟುಕೊಡುತ್ತಾರೆ. ವೇದಿಕೆಯ ಮುಂದೆ ಕಬ್ಬು, ಬಾಳೆಗೊನೆ, ಕುಂಬಳಕಾಯಿಗಳ ರಾಶಿ ಆಗಲೇ ಏರಿತ್ತು. ಜಯಶೀಲಾ ಆಂಟಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದನ್ನು ಜೋಡಿಸುತ್ತಿದ್ದವರು, ಅಶ್ಮಿತಾಳನ್ನು ಕಂಡದ್ದೇ ಎದ್ದು ಬಂದು, ಮಗುವಿನ ಗಲ್ಲ ಹಿಡಿದುಕೊಂಡೇ ಕೇಳಿದರು, "ಹೇಗುಂಟು ಈಗ? ಪೂರ್ತಿ ಬಂತಾ?" ಜ್ವರ ಇಳಿಯಿತಾ ಎಂದು ಕೇಳುವ ದನಿ. ಒಳ್ಳೆಯ ಹೆಂಗಸು, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ದಿನಾ ಮೊಣಕಾಲೂರಿ ಪ್ರಾರ್ಥಿಸಿದವರಿಗೆ ಕೇಳುವ ಹಕ್ಕೂ ಇತ್ತು. ಆಂಟಿಯ ಬೆರಳುಗಳ ನಡುವೆ ಪ್ರಾಜಕ್ತಾಳ ಮುಖ ಅಲ್ಲಾಡದೆ ನಿಂತಿತ್ತು. ಕಣ್ಣು ಮಾತ್ರ ಅಶ್ಮಿತಾಳ ಬಾಯಿಯ ಮೇಲಿತ್ತು. "ಬಂತು ಆಂಟಿ" ಎಂದಳು ಅಶ್ಮಿತಾ. "ಸ್ತೋತ್ರ" ಎಂದರು ಆಂಟಿ. ಮಗು ಕಣ್ಣು ಕೆಳಗಿಳಿಸಿದಳು. ಅವಳು ನಂಬಲಿಲ್ಲವೆಂದು ಅಶ್ಮಿತಾಳಿಗೆ ಗೊತ್ತಾಯಿತು, ಮಕ್ಕಳಿಗೆ ಸುಳ್ಳಿನ ವಾಸನೆ ಬೇಗ ಹತ್ತುತ್ತದೆ, ಅದರಲ್ಲೂ ಒಮ್ಮೆ ಸುಳ್ಳು ಹೇಳಿಸಿಕೊಂಡ ಮಕ್ಕಳಿಗೆ.

ಸಾಕ್ಷಿಯ ಹೊತ್ತಿಗೆ ಪಾಸ್ಟರ್ ಅವಳ ಹೆಸರು ಕರೆದರು. ಮೈಕಿನ ಮುಂದೆ ನಿಂತು ನೋಡಿದರೆ ಪ್ರಾಜಕ್ತಾ ಮೂರನೆಯ ಬೆಂಚಿನಲ್ಲಿ ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಫೋಟೋಕ್ಕೆ ಕೂತವಳ ಹಾಗೆ ಕೂತಿದ್ದಳು. ಇಲ್ಲಿ ಎಲ್ಲವನ್ನೂ ಹೇಳಿಬಿಡಬಹುದು, ನಾನು ತಪ್ಪು ವಿನಂತಿ ಕೊಟ್ಟೆ, ಅದನ್ನು ಈ ಮಗು ಕೇಳಿಸಿಕೊಂಡಿದ್ದಾಳೆ ಎಂದು. ಹೇಳಿದರೆ ಮತ್ತೆ ಎಲ್ಲರೂ ಅಳುತ್ತಾರೆ, ತನ್ನ ಬೆನ್ನ ಮೇಲೆ ಕೈಯಿಡುತ್ತಾರೆ, ತನಗೆ ಮತ್ತೆ ಹಗುರಾಗುತ್ತದೆ. ಮಗು ಮತ್ತೆ ಅಲ್ಲೇ ಕೂತು ಕೇಳಬೇಕಾಗುತ್ತದೆ. ತನಗೆ ಹಗುರಾದಾಗಲೆಲ್ಲ ಆ ಭಾರ ಹೋಗಿ ಕೂರುವುದು ಎಲ್ಲಿ ಎಂಬುದು ಅಶ್ಮಿತಾಳಿಗೆ ಮೊದಲ ಸಲ ಕಂಡದ್ದು ಆ ಮೈಕಿನ ಮುಂದೆ. ಅವಳು "ದೇವರು ನಮ್ಮ ಕುಟುಂಬಕ್ಕೆ ಮಗುವನ್ನು ಕೊಟ್ಟಿದ್ದಾನೆ. ಅವನಿಗೆ ಸ್ತೋತ್ರ" ಎಂದು ಇಳಿದುಬಂದಳು. ಇನ್ನೂ ಏನಾದರೂ ಬರುತ್ತದೆಂದು ಕಾದವರು ತಡವಾಗಿ ಆಮೆನ್ ಅಂದರು. ಪಾಸ್ಟರ್ ಕನ್ನಡಕ ಸರಿಮಾಡಿಕೊಂಡರು. ಏಲಂ ಹೊತ್ತಿನಲ್ಲಿ ಜಯಶೀಲಾ ಆಂಟಿ ಹತ್ತಿರ ಬಂದು, "ಎಂತ ಅಶ್ಮಿತಾ, ಅಷ್ಟೇ ಹೇಳುದಾ? ನಾವೆಲ್ಲ ಎಷ್ಟು ಪ್ರಾರ್ಥನೆ ಮಾಡಿದ್ದು" ಎಂದು ಸ್ವಲ್ಪ ನೊಂದುಕೊಂಡೇ ಕೇಳಿದರು. ಅಶ್ಮಿತಾ ಅವರದೇ ಬಾಳೆಗೊನೆಗೆ ಒಂದು ಸವಾಲು ಕೂಗಿದಳು. ಅದೂ ಅವಳ ಪಾಲಿಗೆ ಬರಲಿಲ್ಲ.

ವಾಪಸು ಬರುವಾಗ ಹೆಂಗಸರ ಡಬ್ಬಿಯಲ್ಲಿ ಬಾಗಿಲ ಹತ್ತಿರದ ಕೊನೆಯ ಸೀಟು ಸಿಕ್ಕಿತು. ಪ್ರಾಜಕ್ತಾ ಕೂರದೆ ಅವಳೆದುರು ಕಂಬ ಹಿಡಿದು ನಿಂತಳು. ಹೊರಗೆ ಸಂಜೆಯ ಬಿಸಿಲು, ತುರ್ಭೆಯ ಗೋದಾಮುಗಳು. ಅಶ್ಮಿತಾ ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸುತ್ತ, ಕೆಡವುತ್ತ ಇದ್ದಳು. ಅಷ್ಟರಲ್ಲಿ ಮಗುವೇ ಮಾತಾಡಿದಳು. ಮರಾಠಿಯಲ್ಲಲ್ಲ. ಪ್ರತಿ ಶಬ್ದವನ್ನೂ ಮುಟ್ಟಿ ನೋಡಿ ಇಡುವ ಹಾಗೆ, ರಂಜನ್‌ನ ಉಡುಪಿಯ ರಾಗದಲ್ಲೇ ಹೇಳಿದಳು, "ಪ್ರೀತಿ ಬರದಿದ್ರೂ ಅಡ್ಡಿಲ್ಲ. ಕಳಿಸ್ಬೇಡಿ."

ಅಳಬಾರದು, ಅತ್ತರೆ ಇವಳು ನೀರಿನ ಬಾಟಲಿ ತೆಗೆದುಕೊಡುತ್ತಾಳೆ. "ಕಳಿಸುದಿಲ್ಲ" ಎಂದಳು ಅಶ್ಮಿತಾ, ಅವಳೂ ಕನ್ನಡದಲ್ಲಿ.

"ಚಂಗ್ಲಿ ನಾಹೀ ರಾಹಿಲೇ ತರ್?" ಒಳ್ಳೆಯವಳಾಗಿ ಇರದಿದ್ದರೆ?

"ಇರದಿದ್ರೂ ಕಳಿಸುದಿಲ್ಲ."

"ಹಾಸಿಗೆ?"

"ಒದ್ದೆ ಮಾಡು. ಒಗೆಯುವ. ಕಳಿಸುದಿಲ್ಲ."

ಪ್ರಾಜಕ್ತಾ ಬಹಳ ಹೊತ್ತು ಅವಳನ್ನೇ ನೋಡಿದಳು. ಅದೇ ದಿಟ್ಟಿಸುವ ನೋಟ, ಯಾವುದನ್ನು ಕಂಡರೆ ಹೆದರಿಕೆಯಾಗುತ್ತದೆಂದು ಅಶ್ಮಿತಾ ಗಂಡನಿಗೆ ಹೇಳುತ್ತಿದ್ದಳೋ ಅದು. ಈಗ ಅದರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಬಾಗಿಲು ಗಟ್ಟಿಯಿದೆಯೇ ಎಂದು ತಳ್ಳಿ ನೋಡುವವರ ಎಚ್ಚರ ಮಾತ್ರ ಇತ್ತು. ಅಶ್ಮಿತಾಳ ಮಾತನ್ನು ಅವಳು ಯಾಕೆ ನಂಬಬೇಕು? ಮಧ್ಯಾಹ್ನವಷ್ಟೇ ಚರ್ಚಿನಲ್ಲಿ ನಿಂತು ಸುಳ್ಳು ಹೇಳಿದ್ದನ್ನು ಕಣ್ಣಾರೆ ಕಂಡಿದ್ದಾಳೆ. ಗಾಡಿ ರಬಾಳೆ ಬಿಟ್ಟು ವೇಗ ಹಿಡಿಯಿತು. ಮಗು ಬಗ್ಗಿದಳು, ಬಲಗಾಲಿನ ಚಪ್ಪಲಿಯ ಬಕಲ್ ಬಿಚ್ಚಿದಳು. ಹಬ್ಬಕ್ಕೆಂದು ತಂದ ಬಿಳಿಯ ಚಪ್ಪಲಿ. ಕಚ್ಚುತ್ತಿರಬೇಕು ಎಂದುಕೊಂಡಳು ಅಶ್ಮಿತಾ. ಪ್ರಾಜಕ್ತಾ ಕಂಬ ಬಿಟ್ಟು ಎರಡು ಹೆಜ್ಜೆ ಓಡಿ, ತೆರೆದ ಬಾಗಿಲ ಅಂಚಿನಲ್ಲಿ ನಿಂತು, ಆ ಚಪ್ಪಲಿಯನ್ನು ಬಲವಾಗಿ ಹೊರಗೆ ಎಸೆದಳು. ಎಸೆದ ರಭಸಕ್ಕೆ ಮೈ ಮುಂದಕ್ಕೆ ವಾಲಿತು.

ಅಶ್ಮಿತಾ ಹೇಗೆ ಎದ್ದಳೋ, ಚೀಲ ಎಲ್ಲಿ ಬಿತ್ತೋ. ಫ್ರಾಕಿನ ಬೆನ್ನು ಮುಷ್ಟಿಗೆ ಸಿಕ್ಕಿತು. ಎಳೆದ ರಭಸಕ್ಕೆ ಇಬ್ಬರೂ ಹಿಂದಕ್ಕೆ ಬಂದು ಸೀಟಿಗೆ ಬಡಿದರು. ಕಣ್ಣೆದುರು ಒಂದು ಕ್ಷಣ ಕಂಡದ್ದು ಹಳಿ, ಕಲ್ಲು, ಬಿಳಿಯ ಫ್ರಾಕು, ಅದು ಹೋಗಲೊಲ್ಲದು. ಕೈ ತಾನಾಗಿಯೇ ಎದ್ದು ಮಗುವಿನ ಬೆನ್ನಿಗೆ ಒಂದು ಬಾರಿಸಿತು. "ಎಂತ ಮಾಡಿದ್ದು ನೀನು? ಬುದ್ಧಿ ಉಂಟಾ ನಿಂಗೆ? ಬಿದ್ದು ಸತ್ತಿದ್ರೆ ಎಂತ ಮಾಡ್ಬೇಕಿತ್ತು ನಾನು? ಎಂತ ಮಾಡ್ಬೇಕಿತ್ತು ಹೇಳು." ಅವಳ ದನಿ ಡಬ್ಬಿಯ ಆ ತುದಿಗೂ ಕೇಳಿಸಿತು. ಕೌಂಟರಿನ ದನಿಯಲ್ಲ ಅದು; ಉಡುಪಿಯ ಹಿತ್ತಿಲಲ್ಲಿ ನಿಂತು ತನ್ನ ಅಮ್ಮ ಬೈಯುತ್ತಿದ್ದ ದನಿ, ಏಳು ಮನೆಗೆ ಕೇಳುವಂಥದ್ದು, ತನ್ನೊಳಗಿದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಬಟಾಣಿ ಸುಲಿಯುತ್ತಿದ್ದ ಹೆಂಗಸೊಬ್ಬಳು ಜಾವೂ ದ್ಯಾ ತಾಯಿ, ಲಹಾನ್ ಆಹೇ, ಬಿಟ್ಟುಬಿಡಿ ಚಿಕ್ಕವಳು ಎಂದಳು. "ಚಿಕ್ಕವಳಂತೆ" ಎಂದು ಅಶ್ಮಿತಾ ಅವಳಿಗೂ ಕನ್ನಡದಲ್ಲೇ ಜೋರು ಮಾಡಿದಳು. ಮಗುವನ್ನು ಎರಡೂ ತೋಳಿನಿಂದ ಹಿಡಿದುಕೊಂಡಿದ್ದಳು, ಬಿಡಲು ಆಗುತ್ತಿರಲಿಲ್ಲ. ಪ್ರಾಜಕ್ತಾ ಮೊದಲು ಬಾಯಿ ತೆರೆದು ಉಸಿರು ಹಿಡಿದಳು; ಆಮೇಲೆ ಅತ್ತಳು. ಮನೆಗೆ ಬಂದಂದಿನಿಂದ ಸದ್ದಿಲ್ಲದೆ ಅಳುತ್ತಿದ್ದವಳು ಈಗ ಸಿಂಬಳ ಸುರಿಸಿಕೊಂಡು, ಕಾಲು ಬಡಿದುಕೊಂಡು, ಅಶ್ಮಿತಾಳ ಹಬ್ಬದ ಸೀರೆಗೆ ಮುಖ ಉಜ್ಜಿಕೊಂಡು ಅತ್ತಳು.

ಠಾಣೆಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮ್ ತುಂಬ ಜನ, ಉಗುಳು, ಒಡೆದ ಗಾಜು. ಬರಿಗಾಲಲ್ಲಿ ನಡೆಸುವ ಹಾಗಿರಲಿಲ್ಲ. ಏಳು ವರ್ಷದ ಹುಡುಗಿಯನ್ನು ಅಶ್ಮಿತಾ ಸೊಂಟಕ್ಕೇರಿಸಿಕೊಂಡಳು; ಎಷ್ಟು ಭಾರವಿದ್ದಾಳೆಂದು ತಿಳಿಯುವಷ್ಟು ಎತ್ತಿಕೊಂಡದ್ದು ಇದೇ ಮೊದಲು. ಬೈಗುಳ ಇನ್ನೂ ಮುಗಿದಿರಲಿಲ್ಲ. ಬಾಗಿಲ ಹತ್ತಿರ ಹೋಗುವ ಮಕ್ಕಳಿಗೆ ಏನಾಗುತ್ತದೆ, ಚಪ್ಪಲಿ ಏನು ಮರದಲ್ಲಿ ಬೆಳೆಯುತ್ತದಾ, ಪಪ್ಪ ಬರಲಿ ಹೇಳುತ್ತೇನೆ, ಎಲ್ಲವೂ ಒಂದರ ಹಿಂದೊಂದು ಬರುತ್ತಿತ್ತು. ಕೋಪರಿಯ ಕಡೆಗಿನ ಮೆಟ್ಟಿಲು ಇಳಿಯುವಾಗ ಪ್ರಾಜಕ್ತಾ ಬಿಕ್ಕುತ್ತಲೇ ಎಡಗಾಲನ್ನು ಎತ್ತಿ ತೋರಿಸಿ, ಹೇ ಪಣ್ ಫೇಕೀನ್, ಇದನ್ನೂ ಎಸೆಯುತ್ತೇನೆ ಎಂದಳು.

"ಎಸೆ ನೋಡುವ" ಎಂದಳು ಅಶ್ಮಿತಾ, ಏದುಸಿರು ಬಿಡುತ್ತ. "ಎಸೆ. ಮನೆಗೆ ನಡಿ, ಮಾಡ್ತೇನೆ ನಿಂಗೆ."

ಮಗು ಅವಳ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿ ಹಿಡಿದು ಇನ್ನೂ ಜೋರಾಗಿ ಅಳತೊಡಗಿದಳು.